ಫಾರ್ ಕಾಸ್ ಅಂದ್ರೆ ಕಾಸಿಲ್ಲ: ದೊಡ್ಡವರನ್ನು ಕೆಲಸದಿಂದ ತೆಗೆಯೋದು ಹೇಗೆ?

ಮೆಟ್ರೋದಲ್ಲಿ ನಿಂತ್ಕೊಂಡು ಕೇಳ್ತಿದ್ರೆ ಕಂಬಿ ಗಟ್ಟಿಯಾಗಿ ಹಿಡ್ಕೊಳ್ಳಿ. ಇವತ್ತಿನ ಕಥೆಯಲ್ಲಿ ದೊಡ್ಡ ದೊಡ್ಡವರೇ ಬೀಳ್ತಾರೆ.

ಹೋದ ತಿಂಗಳು ಒಂದಿನ ರಾತ್ರಿ ಹತ್ತೂವರೆಗೆ ಕಾಲೇಜು ಗೆಳತಿಯೊಬ್ಬಳು ಫೋನ್ ಮಾಡಿದ್ಲು. ಬಿ.ಕಾಂ. ಮೂರೂ ವರ್ಷ ನನ್ನ ಪಕ್ಕದ ಬೆಂಚು. ಒಂದು ಸ್ಟಾರ್ಟಪ್‌ನಿಂದ ಫೈನಾನ್ಸ್ ಹೆಡ್ ಕೆಲಸಕ್ಕೆ ಆಫರ್ ಬಂದಿತ್ತು. "ಮಗಾ, ಲೆಟರ್ ಕಳಿಸಿದೀನಿ, ಒಂದ್ಸಲ ನೋಡು, ನಾಳೆ ಬೆಳಿಗ್ಗೆ ಸೈನ್ ಮಾಡ್ಬೇಕು" ಅಂದ್ಲು. 14 ಪುಟದ ಪಿಡಿಎಫ್. ಅವಳು ಓದಿದ್ದು ಎರಡನೇ ಪುಟ ಒಂದೇ, ಸಿಟಿಸಿ ಇರೋದು. ನಾನು ನೇರವಾಗಿ 11ನೇ ಪುಟಕ್ಕೆ ಹೋದೆ. ಟರ್ಮಿನೇಷನ್ ಅನ್ನೋ ಹೆಡ್ಡಿಂಗ್ ಅಲ್ಲಿತ್ತು.

ನಾನೇನು ಲಾಯರ್ ಅಲ್ಲ. ಆದ್ರೆ ಆ ಪುಟ ಓದದೇ ಒಂದ್ಸಲ ಪೆಟ್ಟು ತಿಂದಿದೀನಿ. ನನ್ನ ಮೊದಲ ಕೆಲಸದಲ್ಲಿ ಸಂಬಳ 18 ಸಾವಿರ, ಜೊತೆಗೆ ಒಂದಿಷ್ಟು ಇಸಾಪ್. ಮೂರು ವರ್ಷ ಆದ್ಮೇಲೆ ಕಂಪನಿಗೆ ಫಂಡಿಂಗ್ ಬರಲಿಲ್ಲ, ನಮ್ಮನ್ನು ಕಳಿಸಿದ್ರು. ಪತ್ರದಲ್ಲಿ ಮಾತ್ರ "ಕಾರ್ಯಕ್ಷಮತೆ ತೃಪ್ತಿಕರವಾಗಿಲ್ಲ" ಅಂತ ಬರೆದಿದ್ರು. ಬೈದು ಕಳಿಸೋದು ರೂಢಿ ಇರಬೇಕು ಅಂತ ಸುಮ್ಮನಿದ್ದೆ. ಆಮೇಲೆ ಗೊತ್ತಾಯ್ತು, ಅದು ಬರೀ ಬೈಗುಳ ಅಲ್ಲ, ಒಂದು ಲೆಕ್ಕಾಚಾರ. ಆ ಒಂದು ವಾಕ್ಯದಿಂದ ನನ್ನ ಇಸಾಪ್ ಪೂರ್ತಿ ಸೊನ್ನೆ ಆಯ್ತು. ಕಾಗದದ ಮೇಲೆ ಒಂದೂವರೆ ಲಕ್ಷ ಇತ್ತು. ನನಗೆ ಆಗ ಅದು ದೊಡ್ಡ ದುಡ್ಡು.

ಒಂದು ಗೊಂದಲ ಮೊದಲೇ ಬಗೆಹರಿಸ್ಬಿಡೋಣ. ನಮ್ಮೂರಲ್ಲಿ ಎಕ್ಸಿಕ್ಯೂಟಿವ್ ಅಂದ್ರೆ ಸೇಲ್ಸ್ ಎಕ್ಸಿಕ್ಯೂಟಿವ್, ಡೆಲಿವರಿ ಎಕ್ಸಿಕ್ಯೂಟಿವ್. ನನ್ನ ಐಡಿ ಕಾರ್ಡ್ ಮೇಲೂ ಅಕೌಂಟ್ಸ್ ಎಕ್ಸಿಕ್ಯೂಟಿವ್ ಅಂತಲೇ ಇತ್ತು. ಕಂಪನಿ ಕಾನೂನಿನ ಭಾಷೆಯಲ್ಲಿ ಎಕ್ಸಿಕ್ಯೂಟಿವ್ ಅಂದ್ರೆ ಸಿಇಒ, ಎಂಡಿ, ಸಿಎಫ್‌ಒ ತರದವರು. ಇವರು ಕೆಲಸಕ್ಕೆ ಸೇರುವಾಗಲೇ ಹೊರಗೆ ಹೋಗೋ ದಿನದ ಲೆಕ್ಕವನ್ನೂ ಬರೆಸಿಕೊಳ್ತಾರೆ. ಮದುವೆ ಮಾತುಕತೆಯಲ್ಲೇ ಡೈವೋರ್ಸ್ ಲೆಕ್ಕ ಮುಗಿಸಿದ ಹಾಗೆ.

ಆ ಲೆಕ್ಕ ನಿಂತಿರೋದು ಒಂದೇ ಪದದ ಮೇಲೆ: ಕಾಸ್. ಅಂದ್ರೆ ಕಾರಣ, ಸಕಾರಣ. "ವಿತೌಟ್ ಕಾಸ್" ಅಂತ ತೆಗೆದ್ರೆ ಪರಿಹಾರ, ಬೋನಸ್, ಷೇರು ಎಲ್ಲ ಕೊಟ್ಟು ಕಳಿಸಬೇಕು. "ಫಾರ್ ಕಾಸ್" ಅಂತ ತೆಗೆದ್ರೆ ಬರಿಗೈ. ಕನ್ನಡದವರಿಗೆ ನೆನಪಿಟ್ಕೊಳ್ಳೋದು ಸುಲಭ. ಕಾಸ್ ಇದ್ರೆ ಕಾಸಿಲ್ಲ, ಕಾಸ್ ಇಲ್ದಿದ್ರೆ ಕಾಸು!

ಹಾಗಾದ್ರೆ ಯಾವುದು ಕಾಸ್? ನಾವೆಲ್ಲ ಅಂದ್ಕೊಳ್ಳೋದು, ಕೆಲಸ ಸರಿಯಾಗಿ ಮಾಡದೇ ಇದ್ರೆ ಅದೇ ಕಾರಣ ಅಂತ. ದೊಡ್ಡವರ ಕರಾರುಗಳಲ್ಲಿ ಸಾಮಾನ್ಯವಾಗಿ ಹಾಗಿರಲ್ಲ. ವಂಚನೆ, ಉದ್ದೇಶಪೂರ್ವಕ ದುರ್ನಡತೆ, ಘೋರ ನಿರ್ಲಕ್ಷ್ಯ, ಗಂಭೀರ ಅಪರಾಧದಲ್ಲಿ ಶಿಕ್ಷೆ, ಕರಾರಿನ ದೊಡ್ಡ ಉಲ್ಲಂಘನೆ, ಇಂಥವೇ ಇರ್ತವೆ. ಸುಮ್ನೆ ಸೋತ್ರೆ ಅದು ಕಾಸ್ ಅಲ್ಲ.

ಇದನ್ನ ದುಬಾರಿ ಬೆಲೆ ಕೊಟ್ಟು ಕಲಿತದ್ದು ಅಮೆರಿಕದ ಡಿಸ್ನಿ. 1995ರ ಅಕ್ಟೋಬರ್‌ನಲ್ಲಿ ಹಾಲಿವುಡ್‌ನ ಪ್ರಭಾವಿ ಏಜೆಂಟ್ ಮೈಕೆಲ್ ಓವಿಟ್ಜ್ ಅವರನ್ನು ಪ್ರೆಸಿಡೆಂಟ್ ಮಾಡ್ಕೊಂಡ್ರು. ಸಿಇಒ ಮೈಕೆಲ್ ಐಸ್ನರ್ ಅವರ ಹಳೇ ಸ್ನೇಹಿತ. ಹೊಂದಾಣಿಕೆ ಆಗಲೇ ಇಲ್ಲ. 14 ತಿಂಗಳಿಗೆ ಹೊರಗೆ. ಆದ್ರೆ ಕರಾರಿನ ಪ್ರಕಾರ ಬರಿಗೈಯಲ್ಲಿ ಕಳಿಸಬೇಕಾದ್ರೆ ಘೋರ ನಿರ್ಲಕ್ಷ್ಯ ಅಥವಾ ದುರ್ನಡತೆ ಇರಬೇಕಿತ್ತು. ಕಂಪನಿಯ ವಕೀಲರೇ ನೋಡಿ, ಅಂಥದ್ದೇನೂ ಇಲ್ಲ ಅಂದ್ರು. ಸುಮಾರು 130 ಮಿಲಿಯನ್ ಡಾಲರ್ ಮೌಲ್ಯದ ಪರಿಹಾರ ಕೊಟ್ಟು ಕಳಿಸಬೇಕಾಯ್ತು. ಷೇರುದಾರರು ಸಿಟ್ಟಾಗಿ ಕೋರ್ಟಿಗೆ ಹೋದ್ರು. 2006ರಲ್ಲಿ ಡೆಲವೇರ್ ಸುಪ್ರೀಂ ಕೋರ್ಟ್ ನಿರ್ದೇಶಕರ ಪರವಾಗಿಯೇ ತೀರ್ಪು ಎತ್ತಿಹಿಡೀತು. ಕೆಲಸ ಆಗಲಿಲ್ಲ ಅನ್ನೋದು ಬೇರೆ, ತಪ್ಪು ಮಾಡಿದ ಅನ್ನೋದು ಬೇರೆ.

ಈಗ ನಮ್ಮ ದೇಶಕ್ಕೆ ಬರೋಣ. ಕಾಸ್ ಅನ್ನೋ ಪದ ನಮ್ಮಲ್ಲಿ ಅತಿ ದೊಡ್ಡ ಸುದ್ದಿ ಆಗಿದ್ದು ಐಸಿಐಸಿಐ ಬ್ಯಾಂಕ್‌ನ ಚಂದಾ ಕೊಚ್ಚರ್ ಪ್ರಕರಣದಲ್ಲಿ. 1984ರಲ್ಲಿ ಮ್ಯಾನೇಜ್‌ಮೆಂಟ್ ಟ್ರೇನಿಯಾಗಿ ಸೇರಿದವರು 2009ರಲ್ಲಿ ಎಂಡಿ ಮತ್ತು ಸಿಇಒ. 2011ರಲ್ಲಿ ಪದ್ಮಭೂಷಣ. ನಾವು ಕಾಮರ್ಸ್ ಓದುವಾಗ ಸೆಮಿನಾರ್‌ಗೆ ಯಾರ ಬಗ್ಗೆ ಮಾತಾಡ್ತೀರಾ ಅಂದ್ರೆ ಕ್ಲಾಸಲ್ಲಿ ಅರ್ಧ ಜನ ಇವರ ಹೆಸರೇ ಹೇಳ್ತಿದ್ರು.

ಆರೋಪ ಏನು? 2012ರಲ್ಲಿ ಬ್ಯಾಂಕ್ ವಿಡಿಯೋಕಾನ್ ಸಮೂಹಕ್ಕೆ 3,250 ಕೋಟಿ ಸಾಲ ಕೊಟ್ಟಿತ್ತು. ಅದೇ ಸಮೂಹದ ಮುಖ್ಯಸ್ಥರಿಗೂ ಕೊಚ್ಚರ್ ಅವರ ಪತಿಯ ಕಂಪನಿಗೂ ಹಣದ ವ್ಯವಹಾರ ಇತ್ತು, ಅದನ್ನ ಅವರು ಬ್ಯಾಂಕಿಗೆ ಸರಿಯಾಗಿ ತಿಳಿಸಲಿಲ್ಲ ಅನ್ನೋದು. ಸಾಲದ ತೀರ್ಮಾನ ಒಬ್ಬರೇ ಮಾಡೋದಲ್ಲ, ಸಮಿತಿ ಮಾಡೋದು ಅಂತ ಅವರ ವಾದ.

ಮುಂದಿನ ದಿನಾಂಕಗಳನ್ನ ಗಮನಿಸಿ. 2018ರ ಮಾರ್ಚ್‌ನಲ್ಲಿ ಬ್ಯಾಂಕಿನ ಬೋರ್ಡ್, ಅವರ ಮೇಲೆ ನಮಗೆ ಪೂರ್ತಿ ನಂಬಿಕೆ ಇದೆ ಅಂತ ಹೇಳಿಕೆ ಕೊಡ್ತು. ಆಮೇಲೆ ಸ್ವತಂತ್ರ ತನಿಖೆ ಶುರುವಾಯ್ತು, ನಿವೃತ್ತ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರಿಂದ. ಬೆಂಗಳೂರಲ್ಲೇ ಹುಟ್ಟಿದವರು ಇವರು. ಜೂನ್‌ನಲ್ಲಿ ಕೊಚ್ಚರ್ ರಜೆ ಮೇಲೆ ಹೋದ್ರು. ಅಕ್ಟೋಬರ್ 4ಕ್ಕೆ ಅವಧಿಗೆ ಮುಂಚೆ ನಿವೃತ್ತಿ ಕೊಡಿ ಅಂದ್ರು, ಬೋರ್ಡ್ ಒಪ್ಪಿತು. ಎಲ್ಲರೂ ಅಂದ್ಕೊಂಡ್ರು, ಇಲ್ಲಿಗೆ ಕಥೆ ಮುಗೀತು ಅಂತ.

ಆದ್ರೆ ಅವತ್ತಿನ ಪ್ರಕಟಣೆಯಲ್ಲೇ ಒಂದು ಸಣ್ಣ ಮಾತು ಇತ್ತು. ತನಿಖೆ ಮುಂದುವರಿಯುತ್ತೆ, ಕೆಲವು ಸೌಲಭ್ಯಗಳು ಅದರ ಫಲಿತಾಂಶಕ್ಕೆ ಒಳಪಟ್ಟಿರುತ್ತವೆ ಅಂತ. 2019ರ ಜನವರಿ 30ಕ್ಕೆ ತನಿಖಾ ವರದಿ ಬಂತು. ಹಿತಾಸಕ್ತಿ ಸಂಘರ್ಷದ ನಿಯಮ, ನಡತೆಯ ಸಂಹಿತೆ ಎರಡನ್ನೂ ಉಲ್ಲಂಘಿಸಿದ್ದಾರೆ ಅಂತ ವರದಿ ಹೇಳ್ತು. ಬೋರ್ಡ್ ಅದೇ ದಿನ ತೀರ್ಮಾನ ಮಾಡ್ತು: ಇದನ್ನ ನಿವೃತ್ತಿ ಅಂತ ಅಲ್ಲ, "ಟರ್ಮಿನೇಷನ್ ಫಾರ್ ಕಾಸ್" ಅಂತ ಪರಿಗಣಿಸ್ತೀವಿ.

ನಾಲ್ಕು ತಿಂಗಳ ಹಿಂದೆ ಮನೆಗೆ ಹೋದವರನ್ನ ಈಗ ಕೆಲಸದಿಂದ ವಜಾ ಮಾಡಿದ್ರು! ಬಾಕಿ ಹಣ, ಬೋನಸ್, ವೈದ್ಯಕೀಯ ಸೌಲಭ್ಯ ರದ್ದು. ಬರೀ ವೆಸ್ಟ್ ಆಗದ ಆಪ್ಷನ್ ಅಲ್ಲ, ವೆಸ್ಟ್ ಆಗಿದ್ದೂ ರದ್ದು. ಇಸಾಪ್ ಗೊತ್ತಿಲ್ಲದವರಿಗೆ ಹೇಳ್ತೀನಿ, ವೆಸ್ಟ್ ಆಗಿದ್ದು ಅಂದ್ರೆ ಮರದಲ್ಲೇ ಹಣ್ಣಾದ ಮಾವು, ಇನ್ನೂ ಕಿತ್ತಿಲ್ಲ ಅಷ್ಟೇ. ಅದರ ಮೇಲೆ, 2009ರ ಏಪ್ರಿಲ್‌ನಿಂದ 2018ರ ಮಾರ್ಚ್‌ವರೆಗೆ ಕೊಟ್ಟ ಬೋನಸ್ ಎಲ್ಲ ವಾಪಸ್ ಕೊಡಿ ಅಂದ್ರು. ಒಂಬತ್ತು ವರ್ಷದ ಬೋನಸ್. ಇದಕ್ಕೆ ಕ್ಲಾಬ್ಯಾಕ್ ಅಂತಾರೆ.

ಕೊಚ್ಚರ್ ಕೋರ್ಟಿಗೆ ಹೋದ್ರು. ಬ್ಯಾಂಕ್ ಮುಖ್ಯಸ್ಥರನ್ನ ತೆಗೆಯೋಕೆ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ ಪ್ರಕಾರ ರಿಸರ್ವ್ ಬ್ಯಾಂಕ್ ಒಪ್ಪಿಗೆ ಮೊದಲೇ ಬೇಕು, ಇಲ್ಲಿ ಅದು 2019ರ ಮಾರ್ಚ್‌ನಲ್ಲಿ, ಅಂದ್ರೆ ಆಮೇಲೆ ಬಂತು ಅನ್ನೋದು ಅವರ ಒಂದು ಮುಖ್ಯ ವಾದ. 2020ರ ಮಾರ್ಚ್‌ನಲ್ಲಿ ಬಾಂಬೆ ಹೈಕೋರ್ಟ್, ಇದು ಖಾಸಗಿ ಬ್ಯಾಂಕ್ ಮತ್ತು ನೌಕರರ ನಡುವಿನ ಕರಾರಿನ ಜಗಳ, ರಿಟ್ ಅರ್ಜಿ ನಡೆಯಲ್ಲ ಅಂತು. ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಮಧ್ಯೆ ಬರಲಿಲ್ಲ. ಆಮೇಲೆ ದಾವೆ ಹೂಡಿದ್ರು. 2022ರ ನವೆಂಬರ್‌ನಲ್ಲಿ ಹೈಕೋರ್ಟ್, ಮೇಲ್ನೋಟಕ್ಕೆ ವಜಾ ಸರಿಯಾಗಿದೆ ಅಂತ ಹೇಳಿ ಮಧ್ಯಂತರ ಪರಿಹಾರ ಕೊಡಲಿಲ್ಲ. ಅಷ್ಟೇ ಅಲ್ಲ, ಅಕ್ಟೋಬರ್ ಮತ್ತು ಡಿಸೆಂಬರ್ 2018ರ ನಡುವೆ ಅವರು ಪಡೆದಿದ್ದ 6.9 ಲಕ್ಷ ಷೇರುಗಳನ್ನ ಮಾರಬೇಡಿ ಅಂತ ಆದೇಶ ಮಾಡ್ತು. ಅಂದ್ರೆ ಕಿತ್ತು ಮನೆಗೆ ತಂದ ಹಣ್ಣಿಗೂ ಬೀಗ. 2023ರ ಮೇನಲ್ಲಿ ಮೇಲ್ಮನವಿಯಲ್ಲೂ ಅದೇ ಆಯ್ತು.

ಇಲ್ಲಿ ಒಂದು ವಿಷಯ ಬೆರೆಸ್ಕೋಬೇಡಿ. ಕ್ರಿಮಿನಲ್ ಕೇಸ್ ಬೇರೆ ದಾರಿ. 2022ರ ಡಿಸೆಂಬರ್‌ನಲ್ಲಿ ಸಿಬಿಐ ಅವರನ್ನ ಬಂಧಿಸಿತ್ತು, ಆ ಬಂಧನವೇ ಕಾನೂನುಬಾಹಿರ ಅಂತ ಆಮೇಲೆ ಹೈಕೋರ್ಟ್ ಹೇಳ್ತು. ಕರಾರಿನ ಕಾಸ್‌ಗೆ ಜೈಲು ಶಿಕ್ಷೆಯೇ ಆಗಬೇಕು ಅಂತಿಲ್ಲ. "ನಡತೆಯ ಸಂಹಿತೆಯ ಉಲ್ಲಂಘನೆ" ಅಂತ ಬರೆದಿದ್ರೆ ಸಾಕು, ಅದನ್ನ ಮೊದಲು ತೀರ್ಮಾನಿಸೋದು ಬೋರ್ಡ್. ನನಗೆ ಇದ್ರಲ್ಲಿ ಒಂದು ಕಸಿವಿಸಿ ಇದ್ದೇ ಇದೆ. ದುಡ್ಡು ಕೊಡಬೇಕಾದವರೇ, ಕೊಡಬೇಕೋ ಬೇಡವೋ ಅಂತ ತೀರ್ಪೂ ಕೊಡ್ತಾರೆ. ಅದೂ ಮಾರ್ಚ್‌ನಲ್ಲಿ ಪೂರ್ತಿ ನಂಬಿಕೆ ಇದೆ ಅಂದ ಅದೇ ಬ್ಯಾಂಕು. ಆದ್ರೆ ಸಾವಿರಾರು ಗುಮಾಸ್ತರಿಗೆ ಅನ್ವಯಿಸೋ ನಿಯಮ ಮೇಲಿನವರಿಗೂ ಅನ್ವಯಿಸ್ತು ಅನ್ನೋ ಸಮಾಧಾನವೂ ಇದೆ. ಎರಡೂ ಒಟ್ಟಿಗೇ ಇದೆ, ಏನ್ ಮಾಡ್ಲಿ.

ಉಲ್ಟಾ ನಡೆದ ಕಥೆ ಮ್ಯಾಕ್‌ಡೊನಾಲ್ಡ್ಸ್‌ನದು. 2019ರ ನವೆಂಬರ್‌ನಲ್ಲಿ ಸಿಇಒ ಸ್ಟೀವ್ ಈಸ್ಟರ್‌ಬ್ರೂಕ್ ನೌಕರರೊಬ್ಬರ ಜೊತೆ ಸಂಬಂಧ ಇಟ್ಕೊಂಡಿದ್ರು ಅಂತ ತೆಗೆದ್ರು, ಆದ್ರೆ ಜಗಳ ಬೇಡ ಅಂತ "ವಿತೌಟ್ ಕಾಸ್" ಅಂದ್ರು. ಕೋಟಿಗಟ್ಟಲೆ ಕೈಗೆ ಬಂತು. 2020ರಲ್ಲಿ ಇನ್ನೂ ಸಂಬಂಧಗಳಿದ್ವು, ತನಿಖೆಯಲ್ಲಿ ಸುಳ್ಳು ಹೇಳಿದ್ರು ಅಂತ ಕಂಪನಿ ದಾವೆ ಹಾಕ್ತು. 2021ರ ಡಿಸೆಂಬರ್‌ನಲ್ಲಿ 105 ಮಿಲಿಯನ್ ಡಾಲರ್‌ಗಿಂತ ಹೆಚ್ಚು ಮೌಲ್ಯದ ಹಣ, ಷೇರು ವಾಪಸ್ ಕೊಟ್ರು.

ಸರಿ, ನಮ್ಮ ಗತಿ ಏನು? ಭಾರತದಲ್ಲಿ ಕಾರ್ಮಿಕ ಕಾನೂನು ಕಾಪಾಡೋದು ಕಾರ್ಮಿಕರನ್ನ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ, 2020ರ ಸಂಹಿತೆಯಲ್ಲೂ ಮ್ಯಾನೇಜರ್ ಕೆಲಸ ಮಾಡೋರು ಆ ವ್ಯಾಖ್ಯೆಯಿಂದ ಹೊರಗೆ. ಪ್ರಮೋಷನ್ ಸಿಕ್ತು ಅಂತ ಸ್ಟೇಟಸ್ ಹಾಕೋ ದಿನವೇ ಆ ಛತ್ರಿಯಿಂದ ಆಚೆ ಬಂದಿರ್ತೀವಿ. ಖಾಸಗಿ ಕಂಪನಿಯ ಮ್ಯಾನೇಜರ್‌ನ ವಾಪಸ್ ಕೆಲಸಕ್ಕೆ ತಗೊಳ್ಳಿ ಅಂತ ಕೋರ್ಟ್ ಸಾಮಾನ್ಯವಾಗಿ ಹೇಳಲ್ಲ, ಗೆದ್ರೆ ಸಿಗೋದು ನಷ್ಟ ಪರಿಹಾರ. ಹಾಗಾಗಿ ಉಳಿಯೋದು ಆ ಕಾಗದ ಒಂದೇ. ಅಂದ್ಹಾಗೆ, ಎಂಡಿಗಳಿಗೂ ಮಿತಿ ಇದೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 202ರಲ್ಲಿ, ಹುದ್ದೆ ಹೋದದ್ದಕ್ಕೆ ಪರಿಹಾರ ಉಳಿದ ಅವಧಿಯ ಅಥವಾ ಮೂರು ವರ್ಷದ ಸಂಬಳ, ಯಾವುದು ಕಡಿಮೆಯೋ ಅಷ್ಟನ್ನ ದಾಟೋ ಹಾಗಿಲ್ಲ. ವಂಚನೆ, ಘೋರ ನಿರ್ಲಕ್ಷ್ಯ ಇದ್ರೆ ಏನೂ ಇಲ್ಲ.

ಫಾರ್ ಕಾಸ್ ಅಂದ ಮಾತ್ರಕ್ಕೆ ಎಲ್ಲಾನೂ ಕಿತ್ಕೊಳ್ಳೋಕೆ ಆಗಲ್ಲ, ಅದೂ ಗೊತ್ತಿರಲಿ. ನಿಮ್ಮ ಪಿಎಫ್ ನಿಮ್ಮದು. ಗ್ರಾಚ್ಯುಟಿಯನ್ನ ತಡೆಹಿಡಿಯೋಕೂ ಕಾನೂನಿನಲ್ಲಿ ಕಾರಣಗಳು ಎಣಿಸಿಟ್ಟಿವೆ: ಕಂಪನಿಗೆ ನಷ್ಟ ಮಾಡಿದ್ರೆ ಆ ನಷ್ಟದಷ್ಟು, ದೊಂಬಿ ಅಥವಾ ಹಿಂಸೆ ಮಾಡಿದ್ರೆ, ನೈತಿಕ ಅಧಃಪತನದ ಅಪರಾಧ ಮಾಡಿದ್ರೆ. "ಪರ್ಫಾರ್ಮೆನ್ಸ್ ಚೆನ್ನಾಗಿಲ್ಲ" ಅನ್ನೋದು ಆ ಪಟ್ಟಿಯಲ್ಲಿಲ್ಲ.

ಈಗ ಗೆಳತಿಯ 11ನೇ ಪುಟ. ಮೂರು ಕಡೆ ಹಳದಿ ಗೆರೆ ಹಾಕಿ ಕಳಿಸಿದೆ. ಒಂದು, ಕಾಸ್ ಇದೆಯೋ ಇಲ್ವೋ ಅನ್ನೋದು "ಕಂಪನಿಯ ಸ್ವಂತ ಅಭಿಪ್ರಾಯಕ್ಕೆ" ಬಿಟ್ಟಿದ್ದು. ಎರಡು, ದುರ್ನಡತೆಯ ಪಟ್ಟಿ ಮಧ್ಯೆ ಕಳ್ಳನ ತರ "ಅತೃಪ್ತಿಕರ ಕಾರ್ಯಕ್ಷಮತೆ" ನುಗ್ಗಿಸಿದ್ದು. ಅದನ್ನ ನೋಡಿದಾಗ ನನ್ನ ಹಳೇ ಪತ್ರವೇ ಎದುರು ಬಂದ ಹಾಗಾಯ್ತು. ಮೂರು, ವೆಸ್ಟ್ ಆದ ಆಪ್ಷನ್ನೂ ಹೋಗುತ್ತೆ ಅನ್ನೋದು. ಸಿಇಒಗಳ ಕರಾರಿನಲ್ಲಿ ಇದರ ಜೊತೆ ಲಿಖಿತ ನೋಟಿಸ್, ತಿದ್ದಿಕೊಳ್ಳೋಕೆ ಸಾಮಾನ್ಯವಾಗಿ 30 ದಿನ ಇರುತ್ತೆ. ಇವಳದ್ರಲ್ಲಿ ಒಂದು ದಿನವೂ ಇರಲಿಲ್ಲ.

"ಕೇಳಿದ್ರೆ ಆಫರ್ ವಾಪಸ್ ತಗೊಂಡ್ಬಿಟ್ರೆ?" ಅಂದ್ಲು. ಆ ಭಯ ನಿಜ. ಮನೆ ಇಎಂಐ ಇದೆ, ಅಪ್ಪನ ಔಷಧಿ ಇದೆ. ಕೇಳು ಅಂತ ನಾನು ಒತ್ತಾಯ ಮಾಡಲಿಲ್ಲ. ಬೆಳಿಗ್ಗೆ ಅವಳೇ ಎಚ್ಆರ್‌ಗೆ ಮೇಲ್ ಹಾಕಿದ್ಲು, ತುಂಬಾ ಮರ್ಯಾದೆಯಿಂದ, ನಾಲ್ಕೇ ಸಾಲು. ಎರಡು ದಿನ ಉತ್ತರ ಇಲ್ಲ. ಆ ಎರಡು ದಿನ ನನಗೂ ಊಟ ಸೇರಲಿಲ್ಲ.

ಮೂರನೇ ದಿನ ಹೊಸ ಪಿಡಿಎಫ್ ಬಂತು. "ಅತೃಪ್ತಿಕರ ಕಾರ್ಯಕ್ಷಮತೆ" ಹೋಗಿತ್ತು. ವೆಸ್ಟ್ ಆದ ಆಪ್ಷನ್ ವಂಚನೆ ಸಾಬೀತಾದ್ರೆ ಮಾತ್ರ ರದ್ದು, 15 ದಿನದ ನೋಟಿಸ್ ಅಂತ ಸೇರಿತ್ತು. "ಕಂಪನಿಯ ಸ್ವಂತ ಅಭಿಪ್ರಾಯ" ಮಾತ್ರ ಹಾಗೇ ಉಳೀತು, ಅದನ್ನ ಬಿಡಲ್ಲ ಅಂದ್ರಂತೆ. ಅವಳು ಸೈನ್ ಮಾಡಿದ್ಲು. ಹೋದ ಸೋಮವಾರ ಸೇರ್ಕೊಂಡ್ಲು.

ನಿಮ್ಮ ಲೆಟರ್‌ನಲ್ಲಿ ಆ ಪುಟದಲ್ಲಿ ಏನಿದೆ ಅಂತ ಕಾಮೆಂಟ್‌ನಲ್ಲಿ ಬರೀರಿ, ಕಂಪನಿ ಹೆಸರು ಮಾತ್ರ ಹಾಕ್ಬೇಡಿ. ಮುಂದಿನ ವಾರ ನೋಟಿಸ್ ಪೀರಿಯಡ್ ಬೈಔಟ್ ಬಗ್ಗೆ ಮಾತಾಡೋಣ. ಸಿಗ್ತೀನಿ.