ಕಬ್ಬಿಣ ಹಿಡಿದುಕೊಂಡವರ ಕಣ್ಣು

(ಲೈನಿನ ಸಂಜೆ ಕೂಟದಲ್ಲಿ ಮಾಡಿದ ಭಾಷಣ)



ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ತೂಬಲ್‌ಕಾಯಿನನೆಂಬ ಕಬ್ಬಿಣದ ಕೆಲಸದವನ ಹೆಸರಿದೆ. ತಮ್ಮನೆಲ್ಲಿ ಎಂದು ದೇವರು ಕಾಯಿನನನ್ನು ವಿಚಾರಿಸಿದ್ದೂ ಅದೇ ಅಧ್ಯಾಯದಲ್ಲಿ. ವೆಲ್ಡಿಂಗ್ ಮಾಡುವವನು ಇವೆರಡನ್ನೂ ಒಟ್ಟಿಗೆ ಓದಿಕೊಳ್ಳಬೇಕೆಂದು ನನಗೆ ತೋರುತ್ತದೆ.

ಈಗ ಹೆಗಲಿಗೆ ತೂಗುಹಾಕಿಕೊಂಡು ಹೋಗುವಂಥ ಸಣ್ಣ ಮೆಷಿನ್ ಬಂದಿದೆ. ತೋಟದಲ್ಲಿ ಕೆಲಸ ಕಡಿಮೆಯಾದ ದಿನಗಳಲ್ಲಿ ನಮ್ಮ ಹುಡುಗರು ಅದನ್ನು ಹೊತ್ತುಕೊಂಡು ಹೋಗಿ ಗೇಟು, ಕಿಟಕಿಯ ಸರಳು ಕೂಡಿಸಿ ನಾಲ್ಕು ಕಾಸು ಸಂಪಾದಿಸುತ್ತಾರೆ. ಸಂತೋಷವೇ. ಆದರೆ ಮೆಷಿನ್ ಹಗುರವಾಯಿತೆಂದು ಅದರ ಬೆಂಕಿ ಹಗುರವಾಗಿಲ್ಲ.

ಅರ್ತ್ ಕ್ಲಾಂಪನ್ನು ಬಣ್ಣ, ತುಕ್ಕು ಕೆರೆದ ಜಾಗಕ್ಕೆ, ಕೂಡಿಸುವ ತುಂಡಿಗೇ ಕಚ್ಚಿಸಬೇಕು. ಸಾಮಾನ್ಯ ಕಬ್ಬಿಣದ ೬೦೧೩ ರಾಡಿನಲ್ಲಿ ೨.೫ ಮಿಲಿಮೀಟರಿನದಕ್ಕೆ ಸುಮಾರು ೬೦ರಿಂದ ೯೦ ಆಂಪಿಯರ್, ೩.೧೫ರದಕ್ಕೆ ೯೦ರಿಂದ ೧೩೦. ರಾಡಿನ ಡಬ್ಬಿಯ ಮೇಲೂ ಬರೆದಿರುತ್ತದೆ. ಕಡಿಮೆ ಇಟ್ಟರೆ ರಾಡು ಅಂಟುತ್ತದೆ, ಹೆಚ್ಚಿಟ್ಟರೆ ತೆಳು ಪೈಪು ತೂತಾಗುತ್ತದೆ. ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ, ಕಿಡಿ ಹತ್ತಿದೊಡನೆ ರಾಡಿನ ದಪ್ಪದಷ್ಟೇ ಅಂತರವಿಟ್ಟು ಎಳೆಯಿರಿ. ಉಳಿದದ್ದು ಕೈಗೆ ಬರುವ ವಿದ್ಯೆ, ಬಾಯಲ್ಲಿ ಹೇಳಿ ಮುಗಿಯದು.

ನಮ್ಮದು ಮಂಜು ಮಳೆಯ ಬೆಟ್ಟ. ಕಿಡಿ ಹತ್ತದೆ ಸುಮ್ಮನಿರುವಾಗಲೂ ರಾಡಿನಲ್ಲಿ ಸಾಧಾರಣವಾಗಿ ೬೦ರಿಂದ ೮೦ ವೋಲ್ಟ್ ಇರುತ್ತದೆ. ಬೆವರಿದ ಕೈಯೂ ಒದ್ದೆ ನೆಲವೂ ಸೇರಿದರೆ ಅಷ್ಟೇ ಜೀವ ತೆಗೆಯಬಲ್ಲದು. ಒಣಗಿದ ಚರ್ಮದ ಗ್ಲೌಸು ಬೇಕು, ಕಾಲ ಕೆಳಗೆ ಒಣ ಹಲಗೆ ಬೇಕು. ಮಳೆಯಲ್ಲಿ ಮಾಡು ಎಂದರೆ ಆಗದು ಅನ್ನಿ. ದಿನಗೂಲಿಯವನಿಗೆ ಹಾಗನ್ನುವುದು ಸುಲಭವಲ್ಲವೆಂದು ಬಲ್ಲೆ. ಅದಕ್ಕೇ ಒಬ್ಬನೇ ಅನ್ನದೆ ಮೂವರು ಸೇರಿ ಅನ್ನಬೇಕು.

ಡೀಸೆಲ್, ಪೆಟ್ರೋಲ್ ಇದ್ದ ಪೀಪಾಯಿ ಖಾಲಿಯಾಗಿದ್ದರೂ ಮುಟ್ಟಬೇಡಿ. ಒಳಗಿನ ಆವಿ ಸಿಡಿಯುತ್ತದೆ.

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಒಮ್ಮೆ ಗೇಟು ಕೂಡಿಸುವಾಗ ಆಳಿಗೆ ಕೂಲಿ ಯಾಕೆಂದು ಮನೆಯವಳ ಕೈಗೆ ಕಬ್ಬಿಣ ಕೊಟ್ಟೆ. ಗ್ಲಾಸು ಇದ್ದದ್ದು ಒಂದೇ, ಅದು ನನ್ನ ಕೈಯಲ್ಲಿ. "ಮುಖ ಆಚೆ ತಿರುಗಿಸಿಕೋ" ಅಂದೆ. ತುಂಡು ಜಾರದಂತೆ ಹಿಡಿಯಬೇಕಾದವಳು ನೋಡದೆ ಹೇಗೆ ಹಿಡಿದಾಳು? ಆಗ ಏನೂ ಆಗಲಿಲ್ಲ. ರಾತ್ರಿ ಹನ್ನೊಂದಕ್ಕೆ ಎದ್ದು ಕೂತಳು. ಕಣ್ಣಲ್ಲಿ ಮರಳು ಹಾಕಿ ಉಜ್ಜಿದ ಹಾಗೆ ಅಂದಳು. ದೀಪ ಹಚ್ಚಿದರೆ ಕೂಗಿಕೊಂಡಳು. ಪಕ್ಕದ ಮನೆಯವರು ಎದೆಹಾಲು ಬಿಡಿ ಅಂದರು, ಇನ್ನೊಬ್ಬರು ಆಲೂಗಡ್ಡೆ ಕಟ್ಟಿ ಅಂದರು. ನಾವು ಕಣ್ಣಿನೊಳಗೆ ಏನೂ ಹಾಕಲಿಲ್ಲ. ಕತ್ತಲೆಯಲ್ಲಿ ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆ ಇಟ್ಟು, ಬೆಳಗಾದೊಡನೆ ಡಾಕ್ಟರ ಬಳಿ ಹೋದೆವು. ಎರಡು ದಿನಕ್ಕೆ ವಾಸಿಯಾಯಿತು, ದೇವರಿಗೆ ಸ್ತೋತ್ರ. ಆ ಎರಡು ದಿನದ ಅವಳ ಕೂಲಿ ಹೋಯಿತು; ನಾನು ಉಳಿಸಿದ ಆಳಿನ ಕೂಲಿ ಅದಕ್ಕೇ ಸರಿಹೋಯಿತು.

ಆ ಬೆಳಕು ಕಣ್ಣಿನ ಮೇಲ್ಪೊರೆಯನ್ನು ಬಿಸಿಲು ಚರ್ಮವನ್ನು ಸುಡುವ ಹಾಗೆ ಸುಡುತ್ತದೆ. ನೋವು ಕೆಲವು ಗಂಟೆ ತಡವಾಗಿ ಬರುವುದರಿಂದ ಹೆಚ್ಚಿನವರಿಗೆ ಕಾರಣವೇ ತಿಳಿಯದು. ಬಿಸಿಲಿನ ಕನ್ನಡಕ ಇದಕ್ಕೆ ಸಾಲದು, ೧೦ ಅಥವಾ ೧೧ನೇ ನಂಬರಿನ ಕಪ್ಪು ಗ್ಲಾಸೇ ಬೇಕು. ಮಕ್ಕಳು ಸುತ್ತ ನಿಂತಿದ್ದರೆ ಗೋಣಿಯನ್ನಾದರೂ ಒದ್ದೆ ಮಾಡಿ ಮರೆ ಕಟ್ಟಿ, ಅವರನ್ನು ದೂರ ಕಳಿಸಿದ ಮೇಲೆ ಗೀರಿ.

ನಾನು ಈಗ ಎರಡು ಗ್ಲಾಸು ಇಟ್ಟುಕೊಂಡಿದ್ದೇನೆ. ಮೆಷಿನ್ ಹೊರಗೆ ಜಗಲಿಯಲ್ಲಿದೆ. ಪ್ರಾರ್ಥನೆ ಮುಗಿದ ಮೇಲೆ ಹುಡುಗರು ಬನ್ನಿ, ಕಬ್ಬಿಣ ಹಿಡಿಯುವ ಅಕ್ಕತಂಗಿಯರೂ ಬನ್ನಿ.