ಬೀದಿಯಂಚಿನ ಪುಸ್ತಕ ಪೆಟ್ಟಿಗೆ



ಇವತ್ತು ನಾನು ಮಾತಿಗೆ ಎತ್ತಿಕೊಂಡಿರುವ ಗ್ರಂಥಾಲಯ ಎರಡಡಿ ಅಗಲ ಇದ್ದರೆ ಹೆಚ್ಚು. ಒಂದು ಕಂಬದ ಮೇಲೆ ಮರದ ಪೆಟ್ಟಿಗೆ, ಅದಕ್ಕೊಂದು ಇಳಿಜಾರು ಸೂರು, ಮುಂದೆ ಗಾಜಿನ ಬಾಗಿಲು. ಇಪ್ಪತ್ತು ಮೂವತ್ತು ಪುಸ್ತಕ ಹಿಡಿಸುತ್ತದೆ. ಬೀಗ ಇಲ್ಲ, ಸದಸ್ಯತ್ವ ಇಲ್ಲ, ರಿಜಿಸ್ಟರ್ ಇಲ್ಲ, ತಡವಾದರೆ ದಂಡ ಇಲ್ಲ. ಬೇಕಾದ ಪುಸ್ತಕ ತೆಗೆದುಕೊಳ್ಳಿ, ನಿಮ್ಮದೊಂದು ಇಟ್ಟುಹೋಗಿ. ಇದಿಷ್ಟೇ ಕಾನೂನು. ನೌಕರಿಯ ಕಾಲವನ್ನೆಲ್ಲ ಕಾಲೇಜು ಲೈಬ್ರರಿಯಲ್ಲಿ ಕಳೆದವಳು ನಾನು. ಅಕ್ಸೆಷನ್ ನಂಬರ್ ಬರೆಯುವುದು, ವರ್ಷಕ್ಕೊಮ್ಮೆ ಸ್ಟಾಕ್ ವೆರಿಫಿಕೇಷನ್ ಮಾಡುವುದು, ಕಾಣೆಯಾದ ಪುಸ್ತಕಕ್ಕೆ ಲೆಕ್ಕ ಕೊಡುವುದು ನನ್ನ ಕೆಲಸವಾಗಿತ್ತು. ಲೆಕ್ಕವೇ ಇಲ್ಲದ ಲೈಬ್ರರಿಯೊಂದು ವರ್ಷಗಟ್ಟಲೆ ನಡೆಯಬಲ್ಲದು ಎಂಬುದನ್ನು ಕಣ್ಣಾರೆ ಕಾಣುವ ತನಕ ನಾನು ನಂಬುತ್ತಿರಲಿಲ್ಲ.

ಮಗಳ ಮನೆ ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ಊರಿನಲ್ಲಿ. ಅಲ್ಲಿ ಇರುವಷ್ಟು ದಿನ ಸಂಜೆಯ ವಾಕಿಂಗ್ ಎಂದರೆ ನನಗೆ ಈ ಪೆಟ್ಟಿಗೆಗಳ ಸುತ್ತು. ಇದು ಹುಟ್ಟಿದ ಊರೂ ಅಲ್ಲಿಗೆ ದೂರವಲ್ಲ. ಸೇಂಟ್ ಕ್ರಾಯ್ ನದಿ ದಾಟಿದರೆ ವಿಸ್ಕಾನ್ಸಿನ್ ರಾಜ್ಯ, ದಡದಲ್ಲೇ ಹಡ್ಸನ್ ಎಂಬ ಚಿಕ್ಕ ಪಟ್ಟಣ. 2009ರಲ್ಲಿ ಅಲ್ಲಿನ ಟಾಡ್ ಬೋಲ್ ಎಂಬವರು ಹಳೆಯ ಗ್ಯಾರೇಜ್ ಬಾಗಿಲಿನ ಮರದಿಂದ ಒಂದು ಪುಟ್ಟ ಶಾಲೆ ಮಾಡಿದರು. ಒಂದೇ ಕೋಣೆಯ ಹಳ್ಳಿಶಾಲೆಯ ಆಕಾರ. ಅವರ ತಾಯಿ ಜೂನ್ ಬೋಲ್ ಶಿಕ್ಷಕಿಯಾಗಿದ್ದರು, ಪುಸ್ತಕ ಎಂದರೆ ಪ್ರಾಣ. ತೀರಿಹೋದ ತಾಯಿಯ ನೆನಪಿಗೆ ಮಗ ಆ ಶಾಲೆಯೊಳಗೆ ಪುಸ್ತಕ ತುಂಬಿ ಮನೆಯ ಮುಂದೆ ನಿಲ್ಲಿಸಿದ. ನೆರೆಹೊರೆಯವರು ನೋಡಿದರು, ತಮಗೂ ಒಂದು ಬೇಕೆಂದರು. ಬೋಲ್ ಇನ್ನಷ್ಟು ಮಾಡಿ ಹಂಚಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ರಿಕ್ ಬ್ರೂಕ್ಸ್ ಜತೆಗೂಡಿದ ಮೇಲೆ ಇದೊಂದು ಚಳವಳಿಯೇ ಆಯಿತು. ‘ಲಿಟ್ಲ್ ಫ್ರೀ ಲೈಬ್ರರಿ’ ಎಂದು ಹೆಸರಿಟ್ಟರು. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ತನ್ನ ಹಣದಲ್ಲಿ ಕಟ್ಟಿಸಿದ ಸಾರ್ವಜನಿಕ ಗ್ರಂಥಾಲಯಗಳು 2,509. ಆ ಸಂಖ್ಯೆಯನ್ನು ದಾಟುವುದು ಇವರ ಮೊದಲ ಗುರಿ. 2012ರಲ್ಲೇ ದಾಟಿದರು, ಅದೇ ವರ್ಷ ಲಾಭರಹಿತ ಸಂಸ್ಥೆಯಾಗಿ ನೋಂದಾಯಿಸಿಕೊಂಡರು. ಬೋಲ್ 2018ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಇಂದು ಪೆಟ್ಟಿಗೆಗಳು ಲಕ್ಷ ಮೀರಿವೆ, ನೂರಕ್ಕೂ ಹೆಚ್ಚು ದೇಶಗಳಲ್ಲಿವೆ.

ಆದರೆ ಕಾರ್ನೆಗಿಯ ಹೆಸರಿಗಿಂತ ಈ ಕಥೆಗೆ ಹತ್ತಿರದ ಇನ್ನೊಂದು ಹೆಸರಿದೆ. ಲೂಟಿ ಸ್ಟರ್ನ್ಸ್. ಗ್ರಂಥಾಲಯದ ಕೆಲಸ ಮಾಡಿದವರು ಈ ಹೆಣ್ಣುಮಗಳ ಹೆಸರನ್ನು ಕೈಮುಗಿದು ಹೇಳಬೇಕು. 1895ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಗ್ರಂಥಾಲಯ ಆಯೋಗ ರಚನೆಯಾದಾಗ ಅದರ ಹಿಂದೆ ದುಡಿದವರಲ್ಲಿ ಒಬ್ಬರು. ಮಾತನಾಡುವಾಗ ಉಗ್ಗುತ್ತಿದ್ದರು. ಆದರೂ ಊರೂರಿಗೆ ಹೋಗಿ, ಜನರ ಮುಂದೆ ನಿಂತು, ನಿಮಗೊಂದು ಲೈಬ್ರರಿ ಬೇಕು ಎಂದು ಹೇಳುವುದನ್ನು ಬಿಡಲಿಲ್ಲ. ಲೈಬ್ರರಿ ಕಟ್ಟಲು ಶಕ್ತಿಯಿಲ್ಲದ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆ ಕಳಿಸಿದರು. ಹಿಮ ಬಿದ್ದಾಗ ಜಾರುಬಂಡಿಯಲ್ಲಿ ಹೋದರು. ಅಂಚೆ ಕಚೇರಿ, ದಿನಸಿ ಅಂಗಡಿ, ರೈತನ ಮನೆ, ಎಲ್ಲಿ ನಾಲ್ಕು ಜನ ಬಂದುಹೋಗುತ್ತಾರೋ ಅಲ್ಲಿ ಪೆಟ್ಟಿಗೆ ಇಳಿಸುವುದು. ಆ ಊರಿನವರು ಓದಿ ಮುಗಿಸಿದ ಮೇಲೆ ಪೆಟ್ಟಿಗೆ ಮುಂದಿನ ಊರಿಗೆ, ಇವರಿಗೆ ಹೊಸ ಪೆಟ್ಟಿಗೆ. 1914ರ ಹೊತ್ತಿಗೆ ಸುಮಾರು 1,400 ಸಂಚಾರಿ ಪೆಟ್ಟಿಗೆಗಳು ಆ ರಾಜ್ಯದಲ್ಲಿ ಓಡಾಡಿದ್ದವು. ಬೋಲ್ ಮತ್ತು ಬ್ರೂಕ್ಸ್ ಇಬ್ಬರಿಗೂ ಇದು ಗೊತ್ತಿತ್ತು. ನಮ್ಮಲ್ಲೂ ಇಂಥ ಹಟ ಇತ್ತು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಓದುಗರಿಗೆ ತಲುಪಿಸಿದ್ದನ್ನು ಈ ಸಭೆಗೆ ನಾನು ಹೇಳಬೇಕಾಗಿಲ್ಲ.

ಇನ್ನು ಪೆಟ್ಟಿಗೆಯ ಹತ್ತಿರ ಹೋಗೋಣ. ನನಗೆ ಬಹಳ ಇಷ್ಟವಾದದ್ದು ಒಂದು ತಿರುವಿನ ಮನೆಯದು. ಹಿಂದಿರುವ ಮನೆಯದೇ ಪಡಿಯಚ್ಚು: ಅದೇ ಹಸಿರು ಬಣ್ಣ, ಅದೇ ಬಿಳಿ ಕಿಟಕಿ ಚೌಕಟ್ಟು. ಬಾಗಿಲಿಗೆ ಮ್ಯಾಗ್ನೆಟ್ ಹಿಡಿ, ಎಳೆದರೆ ಸಣ್ಣಗೆ ಟಕ್ ಎನ್ನುತ್ತದೆ. ಕೆಳಗಿನ ತಟ್ಟಿನಲ್ಲಿ ಮಕ್ಕಳ ಪುಸ್ತಕ, ರಟ್ಟಿನ ಹಾಳೆಯವು, ಮೂಲೆಗಳನ್ನು ಯಾವುದೋ ಮಗು ಕಚ್ಚಿದ ಗುರುತು ಸಮೇತ. ಅವನ್ನು ಕೆಳಗೇ ಇಡುವುದು ಮಕ್ಕಳ ಕೈಗೆ ಎಟಕಲಿ ಎಂದು. ಮೇಲಿನ ತಟ್ಟಿನಲ್ಲಿ ಪತ್ತೇದಾರಿ ಕಾದಂಬರಿ, ಕೋರ್ಟು ಕಾದಂಬರಿ, ಅಡುಗೆ, ಒಂದಿಷ್ಟು ಕವಿತೆ. ಕೆಲವು ಪುಸ್ತಕಗಳ ಒಳಗೆ ಮುದ್ರೆ ಇರುತ್ತದೆ: ಇದು ಕಾಣಿಕೆ, ಮಾರಾಟಕ್ಕಲ್ಲ ಎಂದು. ಪೆಟ್ಟಿಗೆಗಳನ್ನೇ ಬರಿದು ಮಾಡಿ ಹಳೆಯ ಪುಸ್ತಕದಂಗಡಿಗೆ ಮಾರುವವರೂ ಇರುವುದರಿಂದ ಈ ಎಚ್ಚರಿಕೆ.

ಅಲ್ಲಿ ನನಗೊಂದು ಕೈತೋಟದ ಪುಸ್ತಕ ಸಿಕ್ಕಿತು. ಹಳೆಯದು, ಬೆನ್ನು ಸಡಿಲಾಗಿತ್ತು. ತೆರೆದರೆ ಅಂಚಿನ ತುಂಬ ಪೆನ್ಸಿಲ್ ಬರಹ. ಟೊಮೇಟೊ ಸಸಿಯನ್ನು ಮೇ ತಿಂಗಳ ಮಧ್ಯದ ಮೊದಲು ಹೊರಗೆ ನೆಡಬೇಡ, ಈ ಮೂಲೆಗೆ ಬಿಸಿಲು ಸಾಲದು, ಈ ತಳಿ ಎರಡು ವರ್ಷವೂ ಕೈಕೊಟ್ಟಿತು. ಆ ಬೀದಿಯ ಮಣ್ಣನ್ನು, ಆ ಬೀದಿಯ ಚಳಿಯನ್ನು ಯಾರೋ ವರ್ಷಗಟ್ಟಲೆ ನೋಡಿ ಬರೆದಿಟ್ಟದ್ದು. ಕಾಲೇಜಿನಲ್ಲಿ ಇಂಥ ಪ್ರತಿ ನನ್ನ ಕೈಗೆ ಬಂದಿದ್ದರೆ, ಪುಸ್ತಕದಲ್ಲಿ ಗೀಚಿದ್ದಾರೆ ಎಂದು ಬದಿಗಿಡುತ್ತಿದ್ದೆ. ಇಲ್ಲಿ ಆ ಗೀಚುಬರಹದಿಂದಲೇ ಅದಕ್ಕೆ ಬೆಲೆ. ಮಗಳು ಅದನ್ನು ನೋಡಿಕೊಂಡೇ ಹಿತ್ತಲಲ್ಲಿ ಸಸಿ ಹಾಕಿದಳು.

ಬದಲಿಗೆ ನಾನೇನು ಇಡಬೇಕು? ಇಡೀ ಸಂಗತಿಯ ತಿರುಳು ಇಲ್ಲಿದೆ ಎಂದು ನನ್ನ ಭಾವನೆ. ತೆಗೆದುಕೊಳ್ಳುವುದು ಸುಲಭ, ಕೊಡುವ ಪುಸ್ತಕ ಆರಿಸುವುದು ಕಷ್ಟ. ಮನೆಯಲ್ಲಿ ಬೇಡವಾದದ್ದನ್ನು ಇಡಬಹುದು, ಯಾರೂ ತಡೆಯುವುದಿಲ್ಲ. ಹಾಗೆ ಇಡುವವರೂ ಬಹಳ. ಹಳೆಯ ಪಠ್ಯಪುಸ್ತಕ, ಕಾಲ ಮುಗಿದ ಕಂಪ್ಯೂಟರ್ ಕೈಪಿಡಿ, ಒಂದೇ ಒಂದು ಬಿಡಿ ಸಂಪುಟ ಉಳಿದ ವಿಶ್ವಕೋಶ, ನೀರು ಕುಡಿದು ಉಬ್ಬಿದ ಪ್ರತಿ. ಇವು ಬಂದು ಕೂತರೆ ಪೆಟ್ಟಿಗೆಯ ಕಥೆ ಮುಗಿಯಿತು. ಬಂದವರು ಗಾಜಿನಿಂದಲೇ ನೋಡಿ ಮುಂದೆ ಹೋಗುತ್ತಾರೆ. ಮತ್ತೆ ಬರುವುದಿಲ್ಲ. ಅವರು ಬರದಿದ್ದರೆ ಅವರ ಒಳ್ಳೆಯ ಪುಸ್ತಕವೂ ಬರುವುದಿಲ್ಲ. ಪೆಟ್ಟಿಗೆ ಬದುಕುವುದು ಒಳಗಿರುವ ಪುಸ್ತಕದ ಸಂಖ್ಯೆಯಿಂದಲ್ಲ, ಅಲ್ಲಿಗೆ ಮತ್ತೆ ಮತ್ತೆ ಬಂದು ಹೋಗುವ ಕೈಗಳಿಂದ. ಮಾಲೀಕರು ವಾರಕ್ಕೊಮ್ಮೆಯಾದರೂ ಬಾಗಿಲು ತೆರೆದು, ಯಾರೂ ಮುಟ್ಟದೆ ಉಳಿದದ್ದನ್ನು ತೆಗೆದು, ಬೇರೆ ಪೆಟ್ಟಿಗೆಗೆ ಸಾಗಿಸುವುದು ಇದಕ್ಕೇ. ಒಂದು ಬೀದಿಯಲ್ಲಿ ತಿಂಗಳು ಕೂತ ಪುಸ್ತಕ ಇನ್ನೊಂದು ಬೀದಿಯಲ್ಲಿ ಅದೇ ದಿನ ಹೊರಟುಬಿಡುವುದುಂಟು.

ನಾನು ಇಟ್ಟದ್ದು ಅನಂತಮೂರ್ತಿಯವರ ‘ಸಂಸ್ಕಾರ’ದ ಇಂಗ್ಲಿಷ್ ಅನುವಾದ. ಎ.ಕೆ. ರಾಮಾನುಜನ್ ಮೈಸೂರಿನಲ್ಲಿ ಹುಟ್ಟಿ ಷಿಕಾಗೋದಲ್ಲಿ ಪಾಠ ಹೇಳುತ್ತಿದ್ದವರು. ಅವರ ಅನುವಾದ 1976ರಲ್ಲಿ ಪ್ರಕಟವಾಯಿತು. ನನ್ನ ಸ್ವಂತ ಪ್ರತಿ. ಬಿಟ್ಟುಕೊಡಲು ಮನಸ್ಸಿರಲಿಲ್ಲ, ಅದಕ್ಕೇ ಅದನ್ನು ಆರಿಸಿದೆ. ಮುಂದಿನ ಸಲ ಹೋದಾಗ ಅದು ಅಲ್ಲಿರಲಿಲ್ಲ. ಪುಸ್ತಕ ಒಯ್ದವರ ಹೆಸರು, ತರಗತಿ, ವಾಪಸು ಕೊಡುವ ತಾರೀಖು ಎಲ್ಲವನ್ನೂ ಬರೆದಿಟ್ಟುಕೊಂಡು ಬದುಕಿದವಳಿಗೆ, ಒಬ್ಬ ಓದುಗನ ಬಗ್ಗೆ ಏನೂ ಗೊತ್ತಿಲ್ಲದೆ ಆತನಿಗೆ ಪುಸ್ತಕ ಕೊಟ್ಟ ಸಂತೋಷ ಹೊಸದು. ದೂರ್ವಾಸಪುರದ ಅಗ್ರಹಾರ ಮಿಸಿಸಿಪ್ಪಿ ದಡದ ಯಾವುದೋ ಮನೆಯ ಮೇಜಿನ ಮೇಲಿದೆ ಎಂದುಕೊಂಡರೆ ಈಗಲೂ ಹಿಗ್ಗುತ್ತೇನೆ. ಅಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ನಾನು ಹೇಳುವುದೂ ಇದನ್ನೇ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಗ್ಲಿಷಿನಲ್ಲಿದೆ. ಬಾನು ಮುಷ್ತಾಕರ ಕಥೆಗಳು ದೀಪಾ ಭಾಸ್ತಿಯವರ ಅನುವಾದದಲ್ಲಿ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದಿವೆ. ಒಂದು ಪ್ರತಿ ಕೊಂಡು ನಿಮ್ಮ ಬೀದಿಯ ಪೆಟ್ಟಿಗೆಯಲ್ಲಿಡಿ. ಪ್ರಥಮ್ ಬುಕ್ಸ್‌ನ ಕನ್ನಡ ಚಿತ್ರಪುಸ್ತಕ ಒಂದಿದ್ದರೆ ಪಕ್ಕದ ಬೀದಿಯ ಕನ್ನಡದ ಮನೆಯ ಮಗು ತನ್ನ ಅಜ್ಜಿಯ ಜತೆ ಬಂದಾಗ ಅಕ್ಷರ ಗುರುತಿಸುತ್ತದೆ.

ಎಲ್ಲರೂ ಇದನ್ನು ಕೈಚಾಚಿ ಸ್ವಾಗತಿಸಲಿಲ್ಲ. 2014ರಲ್ಲಿ ಕಾನ್ಸಸ್ ರಾಜ್ಯದ ಲೀವುಡ್ ಎಂಬಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಮನೆ ಮುಂದೆ ಪೆಟ್ಟಿಗೆ ಇಟ್ಟ. ಮನೆಗೆ ಸೇರದ ಕಟ್ಟಡ ಅಂಗಳದಲ್ಲಿ ಇರಕೂಡದೆಂಬ ನಿಯಮ ತೋರಿಸಿ ನಗರಾಡಳಿತ ತೆಗೆಸಿತು. ಹುಡುಗ ನಗರಸಭೆಯ ಮುಂದೆ ನಿಂತು ಮಾತನಾಡಿದ. ಸಭೆ ನಿಯಮ ಸಡಿಲಿಸಿತು. ಹೆಚ್ಚು ಯೋಚಿಸಬೇಕಾದ ಆಕ್ಷೇಪ ಬಂದದ್ದು ನಮ್ಮ ವೃತ್ತಿಯವರಿಂದಲೇ. ಕೆನಡಾದ ಟೊರಾಂಟೊದಲ್ಲಿ ಜೇನ್ ಸ್ಮಿಟ್ ಮತ್ತು ಜೋರ್ಡನ್ ಹೇಲ್ 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪೆಟ್ಟಿಗೆಗಳು ಎಲ್ಲೆಲ್ಲಿವೆ ಎಂದು ನಕ್ಷೆಯ ಮೇಲೆ ಗುರುತಿಸಿ ನೋಡಿದರೆ, ಬಹಳಷ್ಟು ಉಳ್ಳವರ ಬಡಾವಣೆಗಳಲ್ಲಿ, ಸಾರ್ವಜನಿಕ ಗ್ರಂಥಾಲಯ ಹತ್ತಿರವೇ ಇರುವ ಕಡೆ. ಪುಸ್ತಕ ಇದ್ದವರ ನಡುವೆಯೇ ಪುಸ್ತಕ ತಿರುಗುತ್ತಿದೆ ಎಂಬುದು ಅವರ ಮಾತಿನ ಸಾರ. ಇದನ್ನು ತಳ್ಳಿಹಾಕುವುದು ನನ್ನಿಂದಾಗದು. ಪೆಟ್ಟಿಗೆಯು ಗ್ರಂಥಾಲಯಕ್ಕೆ ಬದಲಿಯಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗನಿಗೆ ಕೂರಲು ಕುರ್ಚಿ, ಬೆಳಕು, ಬೇಕಾದ ಪುಸ್ತಕವನ್ನೇ ತರಿಸಿಕೊಡುವ ಲೈಬ್ರರಿಯನ್ ಬೇಕು. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ಹಿಡಿದು ಮನೆ ತೆರಿಗೆಯ ಜತೆ ಗ್ರಂಥಾಲಯ ಕರ ಕಟ್ಟುತ್ತ ಬಂದವರು ನಾವು. ಆ ಕರ ಪುಸ್ತಕವಾಗಬೇಕೆಂದು ಕೇಳುವುದನ್ನು ಯಾವ ಪೆಟ್ಟಿಗೆಯ ಸಂಭ್ರಮವೂ ನಿಲ್ಲಿಸಬಾರದು.

ಬೇರೆ ದೇಶಗಳ ಮಾತನ್ನು ಬೇಗ ಮುಗಿಸುತ್ತೇನೆ. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ 1991ರಲ್ಲೇ ಕಲಾವಿದರಿಬ್ಬರು ಬಯಲಿನಲ್ಲಿ ಪುಸ್ತಕದ ಕಪಾಟು ನಿಲ್ಲಿಸಿದ್ದರು. ಇಂದು ಜರ್ಮನಿಯ ಊರೂರಲ್ಲಿ ಬೀದಿ ಕಪಾಟುಗಳಿವೆ. ಇಂಗ್ಲೆಂಡಿನಲ್ಲಿ ಮೊಬೈಲ್ ಬಂದ ಮೇಲೆ ಪಾಳುಬಿದ್ದ ಕೆಂಪು ಟೆಲಿಫೋನ್ ಗೂಡುಗಳನ್ನು ಕಂಪನಿ ಒಂದು ಪೌಂಡಿಗೆ ಊರಿನವರಿಗೆ ಬಿಟ್ಟುಕೊಟ್ಟಿತು. ಸಾಮರ್‌ಸೆಟ್‌ನ ವೆಸ್ಟ್‌ಬರಿ ಎಂಬ ಹಳ್ಳಿ 2009ರಲ್ಲಿ ಅದರೊಳಗೆ ಪುಸ್ತಕ ಜೋಡಿಸಿತು. ಕೊರೊನಾ ಕಾಲದಲ್ಲಿ ಗ್ರಂಥಾಲಯಗಳು ಮುಚ್ಚಿದಾಗ ಅಮೆರಿಕದ ಎಷ್ಟೋ ಪೆಟ್ಟಿಗೆಗಳಲ್ಲಿ ಪುಸ್ತಕದ ಪಕ್ಕ ಬೇಳೆ, ಪಾಸ್ತಾ, ಡಬ್ಬಿ ಆಹಾರವೂ ಬಂದು ಕೂತವು.

ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ ಎಸ್.ಆರ್. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲಿ ಡಿ.ಆರ್.ಟಿ.ಸಿ. ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಅಲ್ಲೇ ತೀರಿಕೊಂಡರು. ಅವರ ಎರಡನೆಯ ಸೂತ್ರ ಓದುಗನ ಕಡೆಯಿಂದ ಹೊರಡುತ್ತದೆ: ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು ಪುಸ್ತಕದ ಕಡೆಯಿಂದ: ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಎರಡನೆಯದಕ್ಕೆ ದೊಡ್ಡ ಗ್ರಂಥಾಲಯವೇ ಬೇಕು. ಮೂರನೆಯದನ್ನು ಬೀದಿಯ ಪೆಟ್ಟಿಗೆ ಚೆನ್ನಾಗಿ ನಡೆಸಿಕೊಡುತ್ತದೆ. ನಮ್ಮ ಮನೆಗಳ ಅಟ್ಟದಲ್ಲಿ, ಗಾಡ್ರೇಜ್ ಬೀರುಗಳ ಮೇಲೆ, ಓದುಗನಿಗಾಗಿ ಕಾದಿರುವ ಎಷ್ಟು ತ್ರಿವೇಣಿ, ಎಷ್ಟು ಎಂ.ಕೆ. ಇಂದಿರಾ, ಎಷ್ಟು ತೇಜಸ್ವಿ ಇದ್ದಾರೆ! ಒಂದು ಕಾಲಕ್ಕೆ ಬೀದಿಯ ಸರ್ಕ್ಯುಲೇಟಿಂಗ್ ಲೈಬ್ರರಿಯಲ್ಲಿ ದಿನಕ್ಕಿಷ್ಟು ಪೈಸೆ ಕೊಟ್ಟು, ಸರದಿ ಕಾದು ಓದಿದ ಪುಸ್ತಕಗಳು ಅವು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಕರೆತರುವ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಶುರುವಾದಾಗ ಜನ ತಾವಾಗಿ ಪುಸ್ತಕ ತಂದುಕೊಟ್ಟರು. ಕೊಡುವ ಮನಸ್ಸು ನಮ್ಮಲ್ಲಿ ಇಲ್ಲದ್ದೇನಲ್ಲ.

ನಾವೂ ಒಂದು ಪೆಟ್ಟಿಗೆ ಇಡುವುದಾದರೆ ಅದನ್ನು ನಮ್ಮ ಊರಿನ ಮಳೆಗೆ ತಕ್ಕಂತೆ ಮಾಡಬೇಕು. ಸೂರು ಮುಂದಕ್ಕೆ ಚಾಚಿರಬೇಕು, ಇಲ್ಲದಿದ್ದರೆ ಇರಚಲು ಹೊಡೆದು ಜೂನ್ ಕಳೆಯುವುದರೊಳಗೆ ಪುಸ್ತಕ ಬೂಸಲು ಹಿಡಿಯುತ್ತದೆ. ಗೆದ್ದಲಿನ ಕಾರಣಕ್ಕೆ ಮರದ ಕಂಬಕ್ಕಿಂತ ಕಬ್ಬಿಣದ ಪೈಪು ಒಳ್ಳೆಯದು. ಗಾಳಿಯಾಡಲು ಹಿಂಬದಿಯಲ್ಲಿ ಜಾಲರಿ ಹಾಕಿದ ಸಣ್ಣ ರಂಧ್ರ ಬೇಕು. ಜಾಗ ನಮ್ಮ ಈ ಸಂಘದ ಕಾಂಪೌಂಡಿನ ಒಳಗೆ ಬೇಡ, ಹೊರಗೆ, ಬಸ್ ನಿಲ್ಲುವ ಕಡೆ ಇರಲಿ. ಶಾಲೆ ಬಿಟ್ಟು ಬರುವ ಮಕ್ಕಳು ಯಾರನ್ನೂ ಕೇಳದೆ ಬಾಗಿಲು ತೆಗೆಯುವಂತಿರಲಿ. ಮಕ್ಕಳು ಏನನ್ನೂ ಇಡದೆ ಒಯ್ದರೂ ಒಯ್ಯಲಿ.

ಅದು ಆಗುವವರೆಗೆ, ಮುಂದಿನ ತಿಂಗಳ ಉಪನ್ಯಾಸದ ದಿನ ಈ ಸಭಾಂಗಣದ ಬಾಗಿಲಲ್ಲಿ ಒಂದು ಮೇಜು ಹಾಕಿಸಲು ಕಾರ್ಯದರ್ಶಿಗಳು ಒಪ್ಪಿದ್ದಾರೆ. ಒಂದೊಂದು ಪುಸ್ತಕ ತನ್ನಿ. ನಿಮಗೆ ಪ್ರಿಯವಾದದ್ದನ್ನೇ ತನ್ನಿ, ಒಳಗೆ ಎರಡು ಸಾಲು ಬರೆದು ತನ್ನಿ. ಮೊದಲ ತಿಂಗಳು ಆ ಮೇಜನ್ನು ನಾನು ನೋಡಿಕೊಳ್ಳುತ್ತೇನೆ. ಎರಡನೆಯ ತಿಂಗಳಿಗೆ ಯಾರಾದರೂ ಈಗಲೇ ಹೆಸರು ಕೊಟ್ಟರೆ ಬರೆದುಕೊಳ್ಳುತ್ತೇನೆ.