ಹೆಸರು ಔಷಧಿ, ಗುಣ ವಿಷ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೇಸಾಯದಲ್ಲಿ ನನ್ನ ವಯಸ್ಸಿಗಿಂತ ಹೆಚ್ಚು ವರ್ಷಗಳ ಅನುಭವವುಳ್ಳ ಹಿರಿಯರು ಇಲ್ಲಿ ಅನೇಕರಿದ್ದೀರಿ. ಉಳುವುದನ್ನೂ ಬಿತ್ತುವುದನ್ನೂ ನಿಮಗೆ ಹೇಳಿಕೊಡಲು ನಾನು ನಿಂತಿಲ್ಲ. ನಾವೆಲ್ಲರೂ ದಿನವೂ ಆಡುವ ಒಂದೇ ಒಂದು ಮಾತನ್ನು ಕುರಿತು ಸ್ವಲ್ಪ ಯೋಚಿಸೋಣ. ಆ ಮಾತು "ಔಷಧಿ".

"ಮಗುವಿಗೆ ಜ್ವರ, ಔಷಧಿ ತರಬೇಕು" ಎನ್ನುತ್ತೇವೆ. "ಬದನೆಗೆ ಹುಳ ಬಿದ್ದಿದೆ, ಔಷಧಿ ಹೊಡೆಯಬೇಕು" ಎಂದೂ ಎನ್ನುತ್ತೇವೆ. ಮೊದಲನೆಯದು ಜೀವ ಉಳಿಸಲು ಇರುವುದು, ಎರಡನೆಯದು ಜೀವ ತೆಗೆಯಲು ಇರುವುದು. ಎರಡಕ್ಕೂ ನಾವು ಇಟ್ಟ ಹೆಸರು ಒಂದೇ. ಮಲೆನಾಡಿನ ಕಡೆ ಇದನ್ನೇ "ಮದ್ದು" ಎನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ "ಎಣ್ಣೆ ಹೊಡೆಯುವುದು" ಎನ್ನುವ ರೂಢಿಯೂ ಉಂಟು.

ಮದ್ದು ಎಂಬ ಮಾತನ್ನೇ ನೋಡಿ. ಕೆಮ್ಮಿಗೆ ಮಾಡುವ ಶುಂಠಿ ಕಷಾಯ ಮನೆಮದ್ದು. ಬಂಡೆ ಒಡೆಯುವುದು ಸಿಡಿಮದ್ದು. ಯಾರಾದರೂ ಊಟದಲ್ಲಿ ಕದ್ದು ಏನಾದರೂ ಬೆರೆಸಿದರೆ "ಮದ್ದು ಹಾಕಿದರು" ಎಂದು ಊರೇ ಮಾತನಾಡುತ್ತದೆ. ಇದು ನಮ್ಮ ಭಾಷೆಯೊಂದರ ಗುಣವಲ್ಲ. ಪಟ್ಟಣದ ಔಷಧದ ಅಂಗಡಿಗಳ ಮೇಲೆ "ಫಾರ್ಮಸಿ" ಎಂದು ಬರೆದಿರುವುದನ್ನು ನೋಡಿದ್ದೀರಿ. ಆ ಮಾತಿನ ಮೂಲ ಗ್ರೀಕ್ ಭಾಷೆಯ "ಫಾರ್ಮಕಾನ್". ಅದಕ್ಕೂ ಔಷಧ, ವಿಷ ಎಂದು ಎರಡೂ ಅರ್ಥಗಳಿದ್ದವು.

ಆದರೆ ಇನ್ನೊಂದು ವಸ್ತುವಿಗೆ ನಮ್ಮ ಹಿರಿಯರು ಸರಿಯಾದ ಹೆಸರನ್ನೇ ಇಟ್ಟರು. ಇಲಿ ಕೊಲ್ಲುವುದನ್ನು ಯಾರೂ ಇಲಿ ಔಷಧಿ ಎನ್ನುವುದಿಲ್ಲ, ಇಲಿ ಪಾಷಾಣ ಎನ್ನುತ್ತಾರೆ. ಆ ಹೆಸರು ಕಿವಿಗೆ ಬಿದ್ದರೆ ಸಾಕು, ತಾಯಿ ಮಗುವನ್ನು ಹತ್ತಿರ ಬಿಡುವುದಿಲ್ಲ. ಮುಟ್ಟಿದವರು ಕೈ ತೊಳೆಯದೆ ಊಟಕ್ಕೆ ಕೂರುವುದಿಲ್ಲ. ಅದೇ ಮನೆಯಲ್ಲಿ ಬೆಳೆಗೆ ಹೊಡೆಯುವ ಸೀಸೆ ಮಾತ್ರ ಮಾಡದಲ್ಲಿ, ದೀಪದ ಪಕ್ಕದಲ್ಲಿ, ಕಾಫಿಪುಡಿಯ ಡಬ್ಬಿಯ ಸಮೀಪದಲ್ಲಿ ಇರುವುದುಂಟು. ಏಕೆಂದರೆ ಅದರ ಹೆಸರು ಔಷಧಿ!

ಈ ಹೆಸರು ಮೊದಲು ಅಷ್ಟೇನೂ ತಪ್ಪಾಗಿರಲಿಲ್ಲ. ಫ್ರಾನ್ಸ್ ದೇಶದಲ್ಲಿ ಬೋರ್ಡೊ ಎಂಬ ಊರಿದೆ. ಅಲ್ಲಿ ದಾರಿಯ ಬದಿಯ ದ್ರಾಕ್ಷಿಯನ್ನು ಹೋಗಿಬರುವವರು ಕಿತ್ತು ತಿನ್ನುತ್ತಿದ್ದರು. ವಿಷವೆಂದು ಹೆದರಲಿ ಎಂದು ರೈತರು ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಆ ಬಳ್ಳಿಗಳಿಗೆ ಎರಚಿದರು. 1880ರ ದಶಕದಲ್ಲಿ ಮಿಲಾರ್ಡೆ ಎಂಬ ವಿಜ್ಞಾನಿ ನೋಡುತ್ತಾರೆ, ಎರಚಿದ ಬಳ್ಳಿಗಳಿಗೆ ಬೂಜುರೋಗ ತಾಗಿಲ್ಲ! ಕಳ್ಳರನ್ನು ಹೆದರಿಸಲು ಮಾಡಿದ್ದು ಬಳ್ಳಿಗೆ ಔಷಧವಾಯಿತು. ಅದೇ ಬೋರ್ಡೊ ದ್ರಾವಣ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಡಾ. ಲೆಸ್ಲಿ ಕೋಲ್ಮನ್ ಅವರು ಅದನ್ನು ಅಡಿಕೆಯ ಕೊಳೆರೋಗಕ್ಕೆ ಬಳಕೆಗೆ ತಂದರು. ಗಿಡಕ್ಕೆ ರೋಗ, ರೋಗಕ್ಕೆ ಮದ್ದು. ಮಾತು ಒಪ್ಪುವಂತೆಯೇ ಇತ್ತು. ಮೈಲುತುತ್ತವೂ ಬಾಯಿಗೆ ಹಾಕುವ ವಸ್ತುವಲ್ಲ, ಅದು ಬೇರೆ ಸಂಗತಿ.

ಆಮೇಲೆ ಬಂದದ್ದು ಬೇರೆಯೇ ಜಾತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ರಂಜಕದಿಂದಾದ ಹೊಸ ಕೀಟನಾಶಕಗಳನ್ನು ಕಂಡುಹಿಡಿದರು. ಪ್ಯಾರಾಥಿಯಾನ್ ಅವುಗಳಲ್ಲಿ ಒಂದು. ಇವು ಕೀಟದ ನರಗಳನ್ನು ಕೆಡಿಸುತ್ತವೆ. ನರವು ಸ್ನಾಯುವಿಗೆ ಅಪ್ಪಣೆ ಕೊಟ್ಟ ಮೇಲೆ ಆ ಅಪ್ಪಣೆಯನ್ನು ಅಳಿಸಿಹಾಕುವ ಒಂದು ವಸ್ತು ಮೈಯಲ್ಲಿರುತ್ತದೆ. ಈ ವಿಷವು ಆ ಅಳಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಕೀಟದ ನರವೂ ಮನುಷ್ಯನ ನರವೂ ಈ ವಿಷಯದಲ್ಲಿ ಒಂದೇ ರೀತಿ. ಆದುದರಿಂದ ಹೊಡೆಯುವವನಿಗೂ ಬೆವರು, ಜೊಲ್ಲು, ವಾಂತಿ, ಕಣ್ಣು ಮಂಜಾಗುವುದು, ಕೊನೆಗೆ ಉಸಿರು ಕಟ್ಟುವುದು ಆಗಬಲ್ಲದು. ವಸ್ತು ಬದಲಾಯಿತು, ನಮ್ಮ ಬಾಯಲ್ಲಿ ಹೆಸರು ಮಾತ್ರ ಹಳೆಯದೇ ಉಳಿಯಿತು.

ಅದರಿಂದ ಏನಾಗುತ್ತದೆ? 1958ರಲ್ಲಿ ಕೇರಳಕ್ಕೆ ಬಂದ ಹಡಗಿನಲ್ಲಿ ಗೋಧಿಹಿಟ್ಟಿನ ಜೊತೆಗೆ ಪ್ಯಾರಾಥಿಯಾನ್ ಕೂಡ ಇತ್ತು. ಅದು ಸೋರಿ ಹಿಟ್ಟಿಗೆ ಸೇರಿತು. ತಿಂದವರಲ್ಲಿ ಸುಮಾರು ನೂರು ಜನ ಸತ್ತರು. ಹಳೆಯ ಕಾಲದ ಮಾತೆಂದು ಬಿಡುವಂತಿಲ್ಲ. 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವಿದ್ದುದು ಪರೀಕ್ಷೆಯಲ್ಲಿ ಕಂಡಿತು. ಹಿಂದೆ ಕೀಟನಾಶಕವಿದ್ದ ಡಬ್ಬಿಯಲ್ಲಿ ಎಣ್ಣೆ ತುಂಬಿಟ್ಟದ್ದೇ ಕಾರಣವೆಂದು ಅಧಿಕಾರಿಗಳು ಅಭಿಪ್ರಾಯಪಟ್ಟರು. ಡಬ್ಬಿ ಗಟ್ಟಿಯಾಗಿದೆ, ಎಸೆಯುವುದೇಕೆ ಎಂದು ನಮ್ಮ ಮನೆಗಳಲ್ಲೂ ಯೋಚಿಸುವುದಿಲ್ಲವೆ?

ಕೇರಳದ ದುರಂತದ ತರುವಾಯ 1968ರಲ್ಲಿ ಕೀಟನಾಶಕಗಳ ಕಾಯಿದೆ, 1971ರಲ್ಲಿ ಅದರ ನಿಯಮಗಳು ಬಂದವು. ಹಿಂದಿ, ಇಂಗ್ಲಿಷುಗಳ ಜೊತೆಗೆ ಮಾರಾಟವಾಗುವ ಪ್ರದೇಶದ ಭಾಷೆಯಲ್ಲೂ ಚೀಟಿ ಇರತಕ್ಕದ್ದೆಂದು ಗೊತ್ತುಮಾಡಿದರು. ಅಕ್ಷರ ಬಾರದವರಿಗೂ ತಿಳಿಯಲೆಂದು ಬಣ್ಣದ ಭಾಷೆಯೊಂದನ್ನು ಇಟ್ಟರು. ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಇದ್ದರೆ ಅತ್ಯಂತ ಘೋರ ವಿಷ. ಮೇಲಿನ ಅರ್ಧದಲ್ಲಿ ತಲೆಬುರುಡೆಯ ಚಿತ್ರವೂ ಇರುತ್ತದೆ. ಹಳದಿ ಅದಕ್ಕಿಂತ ಒಂದು ಮೆಟ್ಟಲು ಕೆಳಗೆ, ಅದೂ ತೀವ್ರ ವಿಷವೇ. ನೀಲಿ ಮಧ್ಯಮ. ಹಸಿರು ಎಲ್ಲಕ್ಕಿಂತ ಕಡಿಮೆ.

ಇಲ್ಲಿ ಒಂದು ಮೋಸವಿದೆ. ರೈಲಿಗೆ ಹಸಿರು ದೀಪ ತೋರಿಸಿದರೆ ಹೋಗಬಹುದೆಂದು ಅರ್ಥ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಶಾಕಾಹಾರದ ಗುರುತು. ಹೀಗೆ ಹಸಿರು ಎಂದರೆ ಒಳ್ಳೆಯದೆಂದು ಕಣ್ಣಿಗೆ ರೂಢಿಯಾಗಿದೆ. ಆದರೆ ಕೀಟನಾಶಕದ ಡಬ್ಬಿಯ ಹಸಿರಿಗೆ "ಅಪಾಯವಿಲ್ಲ" ಎಂಬ ಅರ್ಥವಿಲ್ಲ. "ಎಚ್ಚರಿಕೆ" ಎಂಬುದೇ ಅದರ ಮಾತು.

ಅಳತೆಯ ಮಾತೂ ಹೀಗೆಯೇ. "ಒಂದು ಕ್ಯಾನಿಗೆ ಎರಡು ಮುಚ್ಚಳ" ಎಂದು ಒಬ್ಬರಿಗೊಬ್ಬರು ಹೇಳುತ್ತೇವೆ. ಯಾವ ಸೀಸೆಯ ಮುಚ್ಚಳ? ಒಂದೊಂದು ಸೀಸೆಗೆ ಒಂದೊಂದು ಗಾತ್ರ. ಚೀಟಿಯಲ್ಲಿ ಲೀಟರು ನೀರಿಗೆ 2 ಮಿ.ಲೀ. ಎಂದಿದ್ದರೆ 16 ಲೀಟರಿನ ಕ್ಯಾನಿಗೆ 32 ಮಿ.ಲೀ. ಅದಕ್ಕಿಂತ ಹೆಚ್ಚು ಹಾಕಿದರೆ ಹೋಗುವುದು ನಿಮ್ಮ ದುಡ್ಡು. ಉಳಿಯುವುದು ಬೆಳೆಯ ಮೇಲಿನ ವಿಷ. ಗೆರೆ ಹಾಕಿದ ಅಳತೆಯ ಲೋಟ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದನ್ನೂ ಚೀಟಿಯಲ್ಲಿ ನೋಡಿ. ಸಂಜೆ ಹೊಡೆದು ಬೆಳಿಗ್ಗೆ ಸಂತೆಗೆ ಒಯ್ದ ಬದನೆಯನ್ನು ತಿನ್ನುವವರೂ ನಮ್ಮಂತಹ ಮಕ್ಕಳೊಂದಿಗರೇ.

ಇನ್ನು ನೀವು ಮಾಡಬೇಕಾದ ಕೆಲಸಗಳು.

1. ಸೀಸೆಯನ್ನು ಮನೆಯ ವಾಸದ ಭಾಗದಿಂದ ದೂರ, ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ. ಕುಡಿಯುವ ನೀರಿನ ಅಥವಾ ಷರಬತ್ತಿನ ಬಾಟಲಿಗೆ ಬಗ್ಗಿಸಿಡಬೇಡಿ. ಚೀಟಿಯನ್ನು ಹರಿಯಬೇಡಿ.

2. ತುಂಬು ತೋಳಿನ ಅಂಗಿ, ಕೈಗವಸು, ಮುಖಕ್ಕೆ ಮುಸುಕು ಇರಲಿ. ಗಾಳಿಗೆದುರಾಗಿ ಹೊಡೆಯಬೇಡಿ. ಮುಗಿಯುವ ತನಕ ಬೀಡಿ, ಎಲೆ ಅಡಿಕೆ ಬೇಡ.

3. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಸಿಂಪಡಿಸುವ ಕ್ಯಾನಿಗೇ ಹಾಕಿ. ಬಳಿಕ ಡಬ್ಬಿಗೆ ತೂತು ಹೊಡೆದು, ಬಾವಿ, ಕೆರೆ, ಮನೆಗಳಿಂದ ದೂರ ಆಳವಾಗಿ ಹೂಳಿ. ಸುಡಬೇಡಿ, ಮಾರಬೇಡಿ.

4. ಯಾರಿಗಾದರೂ ವಿಷ ತಗಲಿದರೆ ಬಟ್ಟೆ ತೆಗೆದು ಸೋಪು ನೀರಿನಲ್ಲಿ ಮೈ ತೊಳೆಯಿರಿ. ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು, ಹುಣಿಸೆನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಕರೆಮಾಡಿ. ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಿರಿ; ಪ್ರತಿವಿಷ ಯಾವುದೆಂದು ವೈದ್ಯರಿಗೆ ಅದರ ಚೀಟಿ ಹೇಳುತ್ತದೆ.

ಕೊನೆಯದಾಗಿ ಖರ್ಚಿಲ್ಲದ ಒಂದು ಕೆಲಸ. ಇಂದಿನಿಂದ ಇದನ್ನು ಔಷಧಿ ಎನ್ನುವುದನ್ನು ಬಿಡೋಣ. ಕೀಟನಾಶಕ ಎಂಬುದು ನಾಲಗೆಗೆ ಉದ್ದವಾದರೆ "ಹುಳದ ವಿಷ" ಎನ್ನಿ, "ಬೆಳೆ ಪಾಷಾಣ" ಎನ್ನಿ. "ಮಗಾ, ಆ ಔಷಧಿ ತಾ" ಎಂದರೆ ಹುಡುಗ ಓಡಿಹೋಗಿ ಬರಿಗೈಯಲ್ಲಿ ತರುತ್ತಾನೆ. "ಅದು ವಿಷ, ನೀನು ಮುಟ್ಟಬೇಡ, ನಾನೇ ತರುತ್ತೇನೆ" ಎಂದು ತಂದೆ ಹೇಳುವ ಮನೆಯಲ್ಲಿ ಹುಡುಗ ಕ್ಷೇಮವಾಗಿರುತ್ತಾನೆ. ಈ ರೂಢಿಯನ್ನು ಇಂದು ರಾತ್ರಿಯೇ ನಿಮ್ಮ ನಿಮ್ಮ ಮನೆಗಳಲ್ಲಿ ಆರಂಭಿಸಬೇಕೆಂದು ಕೇಳಿಕೊಳ್ಳುತ್ತೇನೆ.